ನೀರಿನ ಮೇಲಿದ್ದ ನಮ್ಮ ಶಾಲೆ

"ಅಜ್ಜ, ನೀವು ಓದಿದ ಶಾಲೆ ತೋರಿಸ್ತೀರಾ?"

ಮೊಮ್ಮಗಳು ಹೀಗೆ ಕೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಗಂಗೊಳ್ಳಿಯ ಪ್ರಾಥಮಿಕ ಶಾಲೆ, ಕುಂದಾಪುರದ ಹೈಸ್ಕೂಲು ಎರಡನ್ನೂ ಅವಳು ಆಗಲೇ ನೋಡಿದ್ದಾಳೆ. ಅವಳು ಕೇಳುತ್ತಿದ್ದದ್ದು ನನ್ನನ್ನು ಹಡಗಿನ ಕ್ಯಾಪ್ಟನ್ ಮಾಡಿದ ಶಾಲೆಯನ್ನು. ಆ ಶಾಲೆಗೆ ಗೇಟು, ಆಟದ ಮೈದಾನ ಯಾವುದೂ ಇರಲಿಲ್ಲ. ಅದೇ ಒಂದು ಹಡಗು. ಹೆಸರು ತರಬೇತಿ ಹಡಗು 'ರಾಜೇಂದ್ರ'. ನಿಂತದ್ದು ಮುಂಬೈ ಬಂದರಿನಲ್ಲಿ. ಈಗ ಅದು ಇಲ್ಲ.

"ಶಾಲೆ ಇಲ್ಲ ಅಂದಮೇಲೆ ನೀವು ಹಳೆ ವಿದ್ಯಾರ್ಥಿಗಳೆಲ್ಲ ಎಲ್ಲಿ ಸೇರ್ತೀರಿ?" ಎಂದಳು ಅವಳು. ಏಳನೇ ತರಗತಿ, ಪ್ರಶ್ನೆ ಬಿಡುವ ಜಾತಿಯಲ್ಲ.

ನಾವು 1974ರಲ್ಲಿ ಸೇರಿದವರು. ಐವತ್ತು ವರ್ಷ ತುಂಬಿತೆಂದು ಕಳೆದ ಫೆಬ್ರವರಿಯಲ್ಲಿ, ಅಂದರೆ 2025ರಲ್ಲಿ, ನವಿ ಮುಂಬೈಯಲ್ಲಿ ಸೇರುವುದೆಂದು ಗೊತ್ತಾಗಿತ್ತು. ನಾನು ಮತ್ತು ನನ್ನ ಹೆಂಡತಿ ಕುಂದಾಪುರದಲ್ಲಿ ಮತ್ಸ್ಯಗಂಧ ಹತ್ತಿ, ಠಾಣೆಯಲ್ಲಿರುವ ಮಗನ ಮನೆಗೆ ಬಂದಿಳಿದಿದ್ದೆವು. ಒಂದು ದಿನ ಮೊದಲೇ ಬಂದದ್ದರಿಂದ ಮೊಮ್ಮಗಳಿಗೆ ಶಾಲೆ ಇದ್ದ ಜಾಗವನ್ನಾದರೂ ತೋರಿಸೋಣವೆಂದುಕೊಂಡೆ. ಅದೇ ದಿನ ಬಂದಿದ್ದ ನಾಲ್ವರು ಹಳೆಯ ಗೆಳೆಯರೂ "ನಾವೂ ಬರ್ತೇವೆ" ಎಂದು ಹೊರಟರು.

ಖಾಲಿ ನೀರಿನ ಮುಂದೆ ಐವರು ಕ್ಯಾಪ್ಟನ್ನರು

ಮಜಗಾಂವ್‌ಗೆ ಹೋಗಲು ಹಾರ್ಬರ್ ಲೈನಿನ ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನಲ್ಲಿ ಇಳಿಯಬೇಕು. ಅಲ್ಲಿಂದ ಸ್ವಲ್ಪ ದೂರದಲ್ಲೇ ಭಾವುಚಾ ಧಕ್ಕೆ. ಹಿಂದೆ ಕೊಂಕಣ ಕರಾವಳಿಗೆ ಹೋಗುವ ಸ್ಟೀಮರುಗಳು ಇಲ್ಲಿಂದಲೇ ಹೊರಡುತ್ತಿದ್ದವು. ಧಕ್ಕೆ ಕಟ್ಟಿಸಿದ ಲಕ್ಷ್ಮಣ ಹರಿಶ್ಚಂದ್ರ ಅಜಿಂಕ್ಯ ಅವರನ್ನು ಜನ 'ಭಾವು' ಎನ್ನುತ್ತಿದ್ದರು. ಆ ಹೆಸರೇ ಧಕ್ಕೆಗೆ ಉಳಿಯಿತು. ಈಗ ಅಲ್ಲಿ ಮೀನಿನ ಬುಟ್ಟಿಗಳು, ಐಸಿನ ಗಾಡಿಗಳು, ಜೋರು ದನಿಯ ಕೋಳಿ ಹೆಂಗಸರು. ಗಂಗೊಳ್ಳಿಯ ವಾಸನೆಯೇ. ಹದಿನೇಳರ ವಯಸ್ಸಿನಲ್ಲಿ ಟ್ರಂಕು ಹೊತ್ತುಕೊಂಡು ಬಂದವನಿಗೆ ಅಂದು ಸಿಕ್ಕ ಒಂದೇ ಧೈರ್ಯ ಆ ವಾಸನೆ.

ನಾವು ಉರಣ ಕಡೆಯ ಮೋರಾಕ್ಕೆ ಹೋಗುವ ಲಾಂಚ್ ಹತ್ತಿದೆವು. ಮಜಗಾಂವ್ ಡಾಕಿನಲ್ಲಿ ನೌಕಾಪಡೆಯ ಹಡಗುಗಳು ತಯಾರಾಗುತ್ತಿದ್ದವು. ದೂರದಲ್ಲಿ ತೈಲ ಹಡಗುಗಳು ನಿಲ್ಲುವ ಜವಾಹರ್ ದ್ವೀಪ, ಅದರಾಚೆ ಎಲಿಫೆಂಟಾದ ಗುಡ್ಡ.

"ಹಾಂ, ಇಲ್ಲೇ!" ಎಂದು ಒಬ್ಬ ಕೈ ತೋರಿಸಿದ.

"ಅಲ್ಲಿ ಎಲ್ಲಿ? ಇನ್ನೂ ಉತ್ತರಕ್ಕೆ" ಎಂದ ಇನ್ನೊಬ್ಬ.

ಮೂರನೆಯವನು ಧಕ್ಕೆಯ ಹಿಂದಿನ ಕಟ್ಟಡವೊಂದನ್ನು ಗುರುತು ಹಿಡಿದು ಲೆಕ್ಕ ಹಾಕತೊಡಗಿದ. ಆ ಕಟ್ಟಡ ಅಂದು ಇರಲೇ ಇಲ್ಲವೆಂದು ನಾಲ್ಕನೆಯವನು ನಕ್ಕ. ನಕ್ಷತ್ರ ನೋಡಿ ಮಹಾಸಾಗರ ದಾಟಿದ ಐವರು ಕ್ಯಾಪ್ಟನ್ನರಿಗೆ ತಾವು ಓದಿದ ಶಾಲೆ ಯಾವ ನೀರಿನಲ್ಲಿತ್ತೆಂದು ಒಮ್ಮತವಿಲ್ಲ! ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ತಾನೇ ತೀರ್ಪು ಕೊಟ್ಟಳು: "ಎಲ್ಲರೂ ತೋರಿಸಿದ ಜಾಗಗಳ ಮಧ್ಯೆ ಇತ್ತು ಅಂತ ಬರ್ಕೊಳ್ತೇನೆ."

ಅವಳಿಗೆ ನಾನು 'ರಾಜೇಂದ್ರ'ಕ್ಕಿಂತ ಹಿಂದಿನ ಕಥೆಯನ್ನೂ ಹೇಳಿದೆ. ಬ್ರಿಟಿಷರ ಕಾಲದಲ್ಲಿ ನಮ್ಮ ಕರಾವಳಿಯವರು ಹಡಗುಗಳಲ್ಲಿ ಸಾವಿರಗಟ್ಟಲೆ ದುಡಿಯುತ್ತಿದ್ದರು. ಆದರೆ ಡೆಕ್ ತೊಳೆಯಲು, ಕಲ್ಲಿದ್ದಲು ಹಾಕಲು. ಅಧಿಕಾರಿಯ ಸಮವಸ್ತ್ರ ಅವರಿಗಲ್ಲ. ಭಾರತೀಯ ಹುಡುಗರನ್ನು ಅಧಿಕಾರಿಗಳಾಗಿ ತಯಾರು ಮಾಡಲು 1927ರಲ್ಲಿ 'ಡಫರಿನ್' ಎಂಬ ಹಳೆಯ ಸೈನಿಕ ಸಾಗಣೆ ಹಡಗನ್ನು ಈ ಮಜಗಾಂವ್ ಮುಂದೆ ಲಂಗರು ಹಾಕಿ ಶಾಲೆ ಮಾಡಿದರು. ಅದರ ಮೊದಲ ತಂಡದಲ್ಲಿದ್ದ ರಾಮದಾಸ್ ಕಟಾರಿ ಎಂಬ ಹುಡುಗ 1958ರಲ್ಲಿ ಭಾರತೀಯ ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದರು. 'ಡಫರಿನ್' ಮುದಿಯಾದಾಗ 1972ರಲ್ಲಿ 'ರಾಜೇಂದ್ರ' ಬಂತು. 1993ರಲ್ಲಿ ಶಾಲೆ ನೀರು ಬಿಟ್ಟು ನೆಲಕ್ಕೆ ಬಂದು, ನವಿ ಮುಂಬೈಯ ನೆರೂಳಿನ ಬಳಿ 'ಚಾಣಕ್ಯ' ಎಂದಾಯಿತು.

"ಹಾಗಾದ್ರೆ ನಿಮ್ಮ ಶಾಲೆಯಿಂದ ಉಳಿದಿರೋದು ಏನು?" ಎಂದಳು.

"ನಾವು" ಎಂದ ನನ್ನ ಗೆಳೆಯ. ತಮಾಷೆಗೇ ಹೇಳಿದ್ದು. ಆದರೆ ಲಾಂಚು ಮೋರಾ ತಲುಪುವವರೆಗೆ ನಾವು ಯಾರೂ ಹೆಚ್ಚು ಮಾತಾಡಲಿಲ್ಲ.

ಎಡ ಮೊಣಕಾಲು, ಬಲ ಮೊಣಕಾಲು

ಮರುದಿನ ಬೆಳಿಗ್ಗೆ ಮೊದಲು ಚಾಣಕ್ಯದ ಕಡೆಗೆ ಹೋದೆವು. ಅಲ್ಲಿ ಈಗ ಹುಡುಗಿಯರೂ ಬಿಳಿ ಸಮವಸ್ತ್ರ ತೊಟ್ಟು ಕಲಿಯುತ್ತಾರೆ. ಹತ್ತಿರದಲ್ಲೇ ಒಂದು ಜೌಗುಕೆರೆ. ಠಾಣೆ ಖಾರಿಯಲ್ಲಿ ಭರತ ಬಂದು ಕೆಸರು ಮುಳುಗಿದಾಗ ರಾಜಹಂಸಗಳು ಅಲ್ಲಿಂದೆದ್ದು ಇಲ್ಲಿ ಬಂದು ನಿಲ್ಲುತ್ತವೆ. ನೀರಿಳಿದರೆ ಮತ್ತೆ ಖಾರಿಗೆ. ನಾವು ಹೋದಾಗ ಭರತದ ಹೊತ್ತು. ಕೆರೆಯ ತುಂಬ ಗುಲಾಬಿ ಬಣ್ಣ. ಹಕ್ಕಿ ನೋಡಲು ಬಂದಿದ್ದ ಹುಡುಗರು ದೊಡ್ಡ ದೊಡ್ಡ ಕ್ಯಾಮೆರಾ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದರೆ, ನಮ್ಮವರು ಒಬ್ಬರನ್ನೊಬ್ಬರು ಗುರುತು ಹಿಡಿದು ಕೂಗಾಡಿ ಅವರಿಂದ ಬೈಸಿಕೊಂಡರು.

ಸಭೆ ನಡೆದದ್ದು ನೆರೂಳಿನ ಒಂದು ಹಾಲಿನಲ್ಲಿ. ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ವರದಿ ಒಪ್ಪಿಸಬೇಕು, ಎರಡೇ ನಿಮಿಷ. ಇಪ್ಪತ್ತೈದನೇ ವರ್ಷ ಸೇರಿದ್ದಾಗ ಎಲ್ಲರ ಬಾಯಲ್ಲೂ ಯಾವ ಹಡಗು, ಎಷ್ಟು ಟನ್ನು, ಯಾವ ಬಂದರು ಎಂಬುದೇ. ಈ ಸಲ ಮೊದಲನೆಯವನು ಎದ್ದು, "ಪೋರ್ಟ್ ಸೈಡ್ ಮೊಣಕಾಲು ಬದಲಾಗಿದೆ, ಸ್ಟಾರ್‌ಬೋರ್ಡ್ ಮುಂದಿನ ವರ್ಷ" ಎಂದ. ಹಡಗಿನ ಎಡ ಬದಿಗೆ ಪೋರ್ಟ್ ಎಂದೂ ಬಲ ಬದಿಗೆ ಸ್ಟಾರ್‌ಬೋರ್ಡ್ ಎಂದೂ ಹೆಸರು. ನಮ್ಮ ಕಾಲುಗಳಿಗೂ ಅದೇ.

ಸಕಲೇಶಪುರದಲ್ಲಿ ಕಾಫಿ ಬೆಳೆಯುವವನೊಬ್ಬ ಆನೆಗಳ ಕಾಟ ಹೇಳಿದ. ಇನ್ನೊಬ್ಬನ ಹೆಂಡತಿ ಎದ್ದು, "ಇವರು ಹಡಗಿನಲ್ಲಿದ್ದ ಮೂವತ್ತು ವರ್ಷ ಮನೆ ನಾನು ನಡೆಸಿದೆ. ಈಗ ನಿವೃತ್ತರಾಗಿ ಬಂದು ನನ್ನ ಅಡುಗೆಮನೆ ಡಬ್ಬಿಗಳಿಗೆಲ್ಲ ನಂಬರ್ ಚೀಟಿ ಅಂಟಿಸಿದ್ದಾರೆ. ಸಾಸಿವೆ ಬೇಕಾದ್ರೆ ರಿಜಿಸ್ಟರ್ ನೋಡಬೇಕು" ಎಂದಾಗ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಎದ್ದವನು ಹೆಂಡತಿಯನ್ನು ಕಳೆದುಕೊಂಡು ಎರಡು ವರ್ಷವಾದವನು. "ಅನ್ನ ಮಾಡಲು ಕಲಿತೆ. ಈಗ ಹದವಾಗಿ ಬರ್ತದೆ" ಎಂದಷ್ಟೇ ಹೇಳಿ ಕುಳಿತ. ಅವನಿಗೆ ಎರಡು ನಿಮಿಷ ಬೇಕಾಗಲಿಲ್ಲ.

ಊಟಕ್ಕೆ ಮುಂಚೆ ಹಾಜರಿ. ನಮ್ಮಲ್ಲಿ ಹೆಸರಿಗಿಂತ ನಂಬರೇ ಹೆಚ್ಚು ಬಳಕೆ. ನಂಬರ್ ಕೂಗಿದಾಗ ಬಂದವನು "ಹಾಜರ್ ಸರ್" ಎನ್ನಬೇಕು. ತೀರಿಕೊಂಡವರ ನಂಬರ್ ಬಂದಾಗ ನಾವೆಲ್ಲರೂ ಸೇರಿ "ಹಾಜರ್ ಸರ್" ಎನ್ನುತ್ತೇವೆ. ಪ್ರತಿ ಸಲವೂ ಹೀಗೆ ಎಲ್ಲರೂ ಸೇರಿ ಹೇಳುವ ನಂಬರುಗಳು ಹೆಚ್ಚುತ್ತಿವೆ.

"ನಂಬರ್ 47."

ಯಾರೂ ಮಾತಾಡಲಿಲ್ಲ. ಅವನು ಬಂದಿಲ್ಲ. ತೀರಿಕೊಂಡಿದ್ದಾನೆಂದೂ ಗೊತ್ತಿಲ್ಲ. ಹಾಗಾಗಿ ಎಲ್ಲರೂ ಸೇರಿ ಹೇಳುವಂತೆಯೂ ಇಲ್ಲ. ಪಟ್ಟಿ ಓದುತ್ತಿದ್ದವನು, "ವಿಳಾಸ ಇಲ್ಲ" ಎಂದು 48ಕ್ಕೆ ಹೋದ.

ಹಡಗಿನಲ್ಲಿ ಅಪಾಯದ ಗಂಟೆ ಬಾರಿಸಿದಾಗ ಎಲ್ಲರೂ ಗೊತ್ತುಮಾಡಿದ ಜಾಗಕ್ಕೆ ಬಂದು ನಿಲ್ಲಬೇಕು. ಆಗ ತಲೆ ಎಣಿಸುತ್ತಾರೆ. ಒಬ್ಬ ಕಡಿಮೆಯಾದರೆ "ಉಳಿದವರೆಲ್ಲ ಇದ್ದಾರಲ್ಲ" ಎಂದು ಯಾವ ಕ್ಯಾಪ್ಟನ್ನನೂ ಹೇಳುವುದಿಲ್ಲ. ಮೊದಲು ಅವನನ್ನು ಹುಡುಕು. ನಾನೇ ನೂರಾರು ಸಲ ಹಾಗೆ ಎಣಿಸಿದವನು. ಅಂದು ಆ ಹಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ಯಾಕೆಂದರೆ 47ರ ವಿಳಾಸ ನನ್ನ ಹತ್ತಿರ ಇತ್ತು. ನನ್ನ ನಂಬರ್ 46.

ಕಾಣದ ಎರಡು ಬಣ್ಣಗಳು

ಅವನು ಕಾರವಾರದ ಕಡೆಯವನು. ಕನ್ನಡ ಮಾತಾಡುವವರು ಅಂತ ನಾವಿಬ್ಬರು ಬೇಗ ಹತ್ತಿರವಾದೆವು. ಹಗ್ಗದ ಗಂಟುಗಳನ್ನು ಕಣ್ಣುಮುಚ್ಚಿ ಹಾಕುತ್ತಿದ್ದ, ಲೆಕ್ಕದಲ್ಲಿ ನಮಗೆಲ್ಲ ಮೇಷ್ಟ್ರು. ಒಂದು ರಾತ್ರಿ ಡೆಕ್ಕಿನ ಮೇಲೆ ನಿಂತಿದ್ದಾಗ ದೂರ ಹೋಗುತ್ತಿದ್ದ ಹಡಗಿನ ದೀಪ ತೋರಿಸಿ ಮೆಲ್ಲಗೆ ಕೇಳಿದ: "ಅದು ಯಾವ ಬಣ್ಣ?"

ನಾನು ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಅವನಿಗೆ ಕೆಂಪು, ಹಸಿರು ಬೇರೆಯಾಗಿ ಕಾಣುತ್ತಿರಲಿಲ್ಲ.

ಓದುಗರಿಗೆ ಇದೇಕೆ ದೊಡ್ಡ ವಿಷಯವೆಂದು ಹೇಳಬೇಕು. ರಾತ್ರಿ ಸಾಗುವ ಹಡಗು ಎಡ ಬದಿಗೆ ಕೆಂಪು ದೀಪ, ಬಲ ಬದಿಗೆ ಹಸಿರು ದೀಪ ತೋರಿಸಬೇಕು. ಕತ್ತಲಲ್ಲಿ ಹಡಗು ಕಾಣುವುದಿಲ್ಲ, ದೀಪ ಮಾತ್ರ ಕಾಣುತ್ತದೆ. ಆ ಬಣ್ಣ ನೋಡಿಯೇ ಎದುರಿನ ಹಡಗು ಯಾವ ಕಡೆ ಮುಖ ಮಾಡಿದೆ, ನಾವು ದಾರಿ ಬಿಡಬೇಕೋ ಅದು ಬಿಡಬೇಕೋ ಎಂದು ತೀರ್ಮಾನಿಸುತ್ತೇವೆ. ತಪ್ಪಿದರೆ ಡಿಕ್ಕಿ. ಅದಕ್ಕೇ ಸೇರುವಾಗಲೇ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಪುಸ್ತಕ ಕೊಟ್ಟು ಓದಿಸುತ್ತಾರೆ. ಜಪಾನಿನ ಕಣ್ಣಿನ ವೈದ್ಯ ಇಶಿಹಾರಾ 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ನನ್ನ ಗೆಳೆಯ ಯಾರದೋ ಹತ್ತಿರ ಆ ಪುಸ್ತಕ ಸಂಪಾದಿಸಿ, ಯಾವ ಹಾಳೆಗೆ ಯಾವ ಅಂಕಿ ಎಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ! ಹಡಗು ಸೇರುವ ಹುಚ್ಚು ಅಷ್ಟಿತ್ತು ಅವನಿಗೆ.

ನಾನು ಗುಟ್ಟು ಕಾಪಾಡಿದೆ. ರಾತ್ರಿ ದೀಪ ಕಂಡರೆ ಕಿವಿಯಲ್ಲಿ "ಕೆಂಪು", "ಹಸಿರು" ಎನ್ನುತ್ತಿದ್ದೆ. ಹದಿನೆಂಟರ ವಯಸ್ಸಿನಲ್ಲಿ ಅದು ಸ್ನೇಹ ಅನ್ನಿಸಿತ್ತು. ನಾನೇ ಅಧಿಕಾರಿಯಾಗಿ ಕತ್ತಲಲ್ಲಿ ಒಬ್ಬನೇ ಕಾವಲು ನಿಂತಾಗ, ಅದು ಎಂಥ ಅಪಾಯದ ಸ್ನೇಹವೆಂದು ತಿಳಿದು ಬೆವರಿದ್ದೇನೆ.

ತರಬೇತಿ ಮುಗಿದು, ಕೆಲವು ವರ್ಷ ಸರಕು ಹಡಗುಗಳಲ್ಲಿ ದುಡಿದು, 1979ರಲ್ಲಿ ಇಬ್ಬರೂ ಸೆಕೆಂಡ್ ಮೇಟ್ ಪರೀಕ್ಷೆಗೆ ಕೂತೆವು. ಅದಕ್ಕೆ ಮುನ್ನ ಕತ್ತಲ ಕೋಣೆಯಲ್ಲಿ ಲಾಟೀನು ಪರೀಕ್ಷೆ. ಸೂಜಿಮೊನೆಯಂಥ ದೀಪಗಳು, ಯಾವ ಕ್ರಮದಲ್ಲಿ ಬರುತ್ತವೆಂದು ಯಾರಿಗೂ ಗೊತ್ತಿಲ್ಲ. ಬಾಯಿಪಾಠ ಕೆಲಸಕ್ಕೆ ಬರಲಿಲ್ಲ. ಅವನು ಹೊರಗೆ ಬಂದು ನನ್ನ ಹೆಗಲು ತಟ್ಟಿ, "ನೀನು ಹೋಗು, ನಿನ್ನ ಸರದಿ" ಎಂದ. ಆ ಸಂಜೆಯೇ ಊರಿಗೆ ಹೋದ.

ಆಮೇಲೆ ಅವನಿಂದ ಕಾಗದಗಳು ಬಂದವು. ಬಿ.ಎಡ್. ಮಾಡುತ್ತಿದ್ದೇನೆ ಎಂದು, ಮೇಷ್ಟ್ರಾದೆ ಎಂದು. ಯಾವಾಗಲೂ ಒಂದೇ ಬೇಡಿಕೆ: ನೀನು ಹೋದ ಬಂದರುಗಳ ಹೆಸರು ಬರೆದು ಕಳಿಸು. ಮೊದಮೊದಲು ಬರೆದೆ. ಆಮೇಲೆ ಭುಜದ ಮೇಲೆ ಪಟ್ಟಿಗಳು ಬಂದವು, ಕೆಲಸ ಹೆಚ್ಚಿತು. ನಿಜ ಹೇಳಬೇಕೆಂದರೆ, ಸೋತವನಿಗೆ ಗೆದ್ದವನು ಏನು ಬರೆಯುವುದೆಂದು ತಿಳಿಯದೆ ಬಿಟ್ಟೆ. 1981ರ ಅವನ ಇನ್‌ಲ್ಯಾಂಡ್ ಕಾಗದಕ್ಕೆ ನಾನು ಉತ್ತರ ಬರೆಯಲೇ ಇಲ್ಲ. ಅದು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ವಿಳಾಸ: ಸದಾಶಿವಗಡ, ಕಾರವಾರ.

ಕೊಂಕಣ ರೈಲಿನಲ್ಲಿ ಕಾಳಿ ನದಿಯನ್ನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕಿಟಕಿಯಲ್ಲಿ ನೋಡುತ್ತೇನೆ. ಇಳಿದಿಲ್ಲ.

ಸಭೆ ಮುಗಿದ ರಾತ್ರಿ ಹೆಂಡತಿಗೆ ಎಲ್ಲ ಹೇಳಿದೆ. ಅವಳಿಗೆ ಅರ್ಧ ಗೊತ್ತಿತ್ತಂತೆ. "ಕಾರವಾರ ಬಂದಾಗೆಲ್ಲ ನೀವು ಮಾತು ನಿಲ್ಲಿಸ್ತೀರಿ" ಎಂದಳು. ಮಗನನ್ನು ಕರೆದು, "ನಮ್ಮ ಟಿಕೆಟ್ ಕಾರವಾರಕ್ಕೆ ಮಾಡು" ಎಂದಳು. ನನ್ನನ್ನು ಕೇಳಲಿಲ್ಲ.

ಸದಾಶಿವಗಡ

ಬೆಳಿಗ್ಗೆ ರೈಲು ಕಾಳಿ ಸೇತುವೆಯ ಮೇಲೆ ಬಂದಾಗ ನದಿಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕಾರವಾರದಲ್ಲಿಳಿದು, ಲಾಡ್ಜಿನಲ್ಲಿ ಸ್ನಾನ ಮಾಡಿ, ತಿಂಡಿ ತಿಂದು, ಧೈರ್ಯ ಸಾಲದೆ ಕಡಲತೀರದಲ್ಲಿ ಸುತ್ತಾಡಿದೆ. ದಡದಲ್ಲಿ ಇಟ್ಟಿರುವ 'ಚಪಲ್' ಯುದ್ಧನೌಕೆಯ ಸಂಗ್ರಹಾಲಯ ನೋಡುವ ನೆಪ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಹೆಂಡತಿ ರಿಕ್ಷಾ ನಿಲ್ಲಿಸಿದಳು.

ನದಿ ದಾಟಿದರೆ ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಪಕ್ಕದ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದು ಬಿದ್ದದ್ದನ್ನು ರಿಕ್ಷಾದವನು ದಾರಿಯುದ್ದಕ್ಕೂ ವರ್ಣಿಸಿದ. ಅಂಗಡಿಯೊಂದರಲ್ಲಿ ಹೆಸರು ಹೇಳಿದೆ. "ಗಣಿತದ ಮಾಸ್ತರರಾ?" ಎಂದ ಅಂಗಡಿಯವನು, ತಾನೂ ಅವರ ವಿದ್ಯಾರ್ಥಿಯೇ ಎಂದು ಮನೆಯವರೆಗೂ ಬಂದ.

ಜಗಲಿಯಲ್ಲಿ ತೆಂಗಿನ ಗರಿ ಸೀಳುತ್ತಿದ್ದ ಮುದುಕ ತಲೆಯೆತ್ತಿದ. ಕನ್ನಡಕ ಸರಿಮಾಡಿಕೊಂಡ. ನಾನು ಹೆಸರು ಹೇಳಲು ಬಾಯಿ ತೆರೆದೆ.

"ನಲವತ್ತಾರು" ಎಂದ ಅವನು.

ಕ್ಷಮೆ ಕೇಳಲು ನಾನು ರೈಲಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅರ್ಧ ಹೇಳುವಷ್ಟರಲ್ಲಿ, "ಕಾಗದ ಕಳೆದುಹೋಯ್ತೇನೋ ಅಂದ್ಕೊಂಡೆ" ಎಂದ. ಕಳೆದಿರಲಿಲ್ಲ, ನಾನೇ ಬರೆಯಲಿಲ್ಲ ಎಂದೆ. ಅವನು ಗರಿಯನ್ನು ಪಕ್ಕಕ್ಕಿಟ್ಟ. "ಒಂದೆರಡು ವರ್ಷ ಬೇಜಾರಿತ್ತು" ಎಂದ. ಹೊಟ್ಟೆಯಲ್ಲಿಟ್ಟುಕೊಳ್ಳದೆ ಹಾಗೆ ಹೇಳಿದ್ದೇ ಒಳ್ಳೆಯದಾಯಿತು. ಸಭೆಗಳಿಗೆ ಯಾಕೆ ಬರಲಿಲ್ಲ ಎಂದರೆ, "ನೀವೆಲ್ಲ ಕ್ಯಾಪ್ಟನ್ನರು. ನಾನು ಲಾಟೀನಿನ ಮುಂದೆ ಸೋತವನು. ಯಾವ ಲೆಕ್ಕದಲ್ಲಿ ಬರೋದು?" ಎಂದ.

"ಹಾಜರಿ ಪಟ್ಟಿಯಲ್ಲಿ ಹುದ್ದೆ ಬರೆದಿಲ್ಲ, ನಂಬರ್ ಮಾತ್ರ ಇದೆ" ಎಂದಳು ನನ್ನ ಹೆಂಡತಿ. ಆ ಮಾತು ನನಗೆ ಹೊಳೆದಿರಲಿಲ್ಲ.

ಅವನ ಸೊಸೆ ಕೋಕಂ ಶರಬತ್ತು ತಂದಳು. ಮೂವತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ಮೀನುಗಾರರ ಮನೆಯ ಕೆಲವು ಹುಡುಗರನ್ನು ಅವನು ಹಡಗಿಗೆ ಕಳಿಸಿದ್ದನಂತೆ. ಯಾರು ಬಂದು ಕೇಳಿದರೂ ಮೊದಲ ಮಾತು ಒಂದೇ: "ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣದ ಪರೀಕ್ಷೆ ಮಾಡಿಸ್ಕೊಂಡು ಬಾ, ಆಮೇಲೆ ಅರ್ಜಿ." ಒಬ್ಬ ಹುಡುಗ ಆ ಪರೀಕ್ಷೆಯಲ್ಲಿ ಸೋತು ಅತ್ತಾಗ ಅವನನ್ನು ಕೂರಿಸಿಕೊಂಡು ತನ್ನ ಕಥೆ ಹೇಳಿದ್ದನಂತೆ. ಆ ಹುಡುಗ ಈಗ ಬ್ಯಾಂಕಿನಲ್ಲಿದ್ದಾನೆ.

ಆಮೇಲೆ ಒಳಗೆ ಹೋಗಿ ಬೆನ್ನು ಕಿತ್ತ ಶಾಲಾ ಅಟ್ಲಾಸ್ ತಂದ. ನಾನು ಬರೆದಿದ್ದ ಬಂದರುಗಳಿಗೆಲ್ಲ ಪೆನ್ಸಿಲಿನ ಚುಕ್ಕಿ, ಪಕ್ಕದಲ್ಲಿ ತಾರೀಖು. ಏಡನ್, ಮೊಂಬಾಸಾ, ಸಿಂಗಪುರ, ಹ್ಯಾಂಬರ್ಗ್. ಭೂಗೋಳ ಪಾಠಕ್ಕೆ ಮೇಷ್ಟ್ರು ರಜೆ ಹಾಕಿದಾಗ ಇವನು ಮಕ್ಕಳಿಗೆ ಇದನ್ನೇ ತೋರಿಸುತ್ತಿದ್ದನಂತೆ. ಚುಕ್ಕಿಗಳು 1981ರ ರಾಟರ್‌ಡ್ಯಾಮಿನಲ್ಲಿ ನಿಂತಿದ್ದವು.

"ಮುಂದೆ ಎಲ್ಲಿಗೆ ಹೋದೆ?" ಎಂದು ಪೆನ್ಸಿಲು ಹಿಡಿದ.

ನೆರೂಳಿನಲ್ಲಿ ನನ್ನ ವರದಿ ಎರಡು ನಿಮಿಷದಲ್ಲಿ ಮುಗಿದಿತ್ತು. ಇಲ್ಲಿ ಮೂರು ಗಂಟೆಯಾದರೂ ಮುಗಿಯಲಿಲ್ಲ. ನಡುವೆ ನಮ್ಮ ಗುಂಪಿಗೆ ಒಂದೇ ಸಾಲು ಕಳಿಸಿದೆ: "ನಂಬರ್ 47 ಹಾಜರ್." ಫೋನು ಒಂದೇ ಸಮನೆ ಸದ್ದು ಮಾಡತೊಡಗಿತು. ಅವನು ಅದನ್ನು ಕೈಗೆ ತೆಗೆದುಕೊಂಡು ದೂರ ಹಿಡಿದು ಒಂದೊಂದೇ ಸಂದೇಶ ಓದಿದ. ಅನ್ನ ಮಾಡಲು ಕಲಿತವನ ಸಂದೇಶವನ್ನು ಎರಡು ಸಲ ಓದಿದ.

ಸಂಜೆ ನದಿಯ ದಡಕ್ಕೆ ನಡೆದೆವು. ಬಲಗಡೆ ಸಮುದ್ರ, ಎಡಗಡೆ ಕಾಳಿ ನದಿಯ ಒಳದಾರಿ, ಎದುರು ಕಾರವಾರದ ದೀಪಗಳು. ಕತ್ತಲಾಗುತ್ತ ಬಂದಂತೆ ಅಳಿವೆಯ ಕಡೆಯಿಂದ ದೋಣಿಯೊಂದರ ದೀಪ ಕಂಡಿತು.

"ಅದು ಯಾವ ಬಣ್ಣ?" ಎಂದ.

"ಕೆಂಪು."

"ಹಾಗಾದ್ರೆ ಅದರ ಎಡಬದಿ ನಮಗೆ ಕಾಣ್ತಿದೆ. ಮೂತಿ ನಮ್ಮ ಎಡಕ್ಕೆ." ಸ್ವಲ್ಪ ತಡೆದು ಹೇಳಿದ, "ಮನೆಗೆ ಬರ್ತಿದೆ."

ಮುಂದಿನ ವರ್ಷ ಸಭೆಗೆ ಬರುತ್ತೀಯಾ ಎಂದು ಕೇಳಿದೆ. ಮೊದಲು ಬಾಕಿ ಬಂದರುಗಳು ಮುಗಿಯಲಿ ಎಂದ. ಮರುದಿನ ನಾವು ಹೊರಡುವ ಹೊತ್ತಿಗೆ ಅಟ್ಲಾಸಿನಲ್ಲಿ 1996ರವರೆಗೆ ಮಾತ್ರ ಬಂದಿದ್ದೆವು. ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನೂ ಕರೆದುಕೊಂಡು ಹೋಗುವುದಿದೆ. ನನ್ನ ಶಾಲೆ ನೋಡಬೇಕೆಂದವಳು ಅವಳೇ ತಾನೆ!